ಶಂಭುಲಿಂಗನ ಐದು ಅಂಕ

ಹೊಸಪೇಟೆಯಲ್ಲಿ ನನ್ನದು ತಾಡಪತ್ರಿ, ಹಗ್ಗ, ಗೋಣಿಚೀಲದ ಅಂಗಡಿ. ಚಾ ಕುಡಿಸದೆ ನಾನು ಯಾರಿಗೂ ಒಂದು ಮಾರು ಹಗ್ಗ ಮಾರಿದವನಲ್ಲ. ಚಾ ಕುಡಿದವನಿಗೆ ಬರಿಗೈಯಲ್ಲಿ ಎದ್ದುಹೋಗಲು ಸಂಕೋಚ; ವ್ಯಾಪಾರದ ಅರ್ಧ ಗುಟ್ಟು ಅಷ್ಟೇ. ಈ ಗುಟ್ಟಿಗೆ ಬಗ್ಗದ ಮನುಷ್ಯ ಒಬ್ಬನೇ, ನನ್ನ ಗೆಳೆಯ ಶಂಭುಲಿಂಗ. ಬಂದು ಕೂತರೆ ಬಿಸಿನೀರು ಕೇಳುತ್ತಾನೆ. ಅದನ್ನೂ ಊದಿ ಊದಿ, ಚಾ ಕುಡಿದ ಹಾಗೆಯೇ ಕುಡಿಯುತ್ತಾನೆ.

ಅವನ ಊರು ಗಾದಿಗನೂರು. ಸಂಡೂರಿನ ಒಂದು ಅದಿರು ಗಣಿಯಲ್ಲಿ ಲಾರಿ ತೂಗುವ ಕಾಟಾದ ಮೇಲೆ ಇಪ್ಪತ್ತೆಂಟು ವರ್ಷ ಕೂತವನು. ಲಾರಿ ಖಾಲಿ ಬಂದಾಗ ಒಂದು ತೂಕ, ತುಂಬಿಕೊಂಡು ಹೋಗುವಾಗ ಇನ್ನೊಂದು. ಎರಡರ ನಡುವಿನದೇ ಅದಿರು. ಖಾಲಿ ಲಾರಿ ಭಾರ ತೋರಿಸಿದಷ್ಟೂ ಕೊಳ್ಳುವವನಿಗೆ ಅದಿರು ಪುಕ್ಕಟೆ. ಹಾಗಾಗಿ ಕ್ಯಾಬಿನ್ನಿನೊಳಗೆ ಕಲ್ಲು, ನೀರಿನ ಡ್ರಮ್ಮು, ಒಮ್ಮೆ ಡ್ರೈವರನ ಇಬ್ಬರು ಭಾವಮೈದುನರು ಕೂಡ ಅಡಗಿ ಕೂತದ್ದುಂಟು. ಶಂಭುಲಿಂಗ ಕಿಟಕಿಯಿಂದ ತಲೆ ಹೊರಹಾಕಿ ಒಂದೇ ಮಾತು ಹೇಳುತ್ತಿದ್ದ: “ಖಾಲಿ ಅಂದ್ರ ಖಾಲಿ. ಎಲ್ಲಾ ಇಳಸ್ರಿ.” ಡ್ರೈವರುಗಳು ಅವನಿಗಿಟ್ಟ ಹೆಸರೂ ಅದೇ, ಖಾಲಿ ಶಂಭುಲಿಂಗ.

ತೊಂಬತ್ಮೂರರಲ್ಲಿ ಆ ಕಾಟಾಕ್ಕೆ ಕಂಪ್ಯೂಟರು ಬಂತು. ರಿಪೇರಿಗೆ ಬಂದ ಇಂಜಿನಿಯರೊಬ್ಬ ಅದರಲ್ಲಿ ಒಂದು ಆಟ ಬಿಟ್ಟುಹೋದ. ಚಿತ್ರವಿಲ್ಲ, ಸದ್ದಿಲ್ಲ, ಕಪ್ಪು ಪರದೆಯ ಮೇಲೆ ಹಸಿರು ಇಂಗ್ಲಿಷ್ ಅಕ್ಷರ ಮಾತ್ರ. ನೀನು ಗವಿಯ ಬಾಯಲ್ಲಿ ನಿಂತಿದ್ದೀಯ, ಒಳಗೆ ಕತ್ತಲು, ಪಕ್ಕದಲ್ಲೊಂದು ಲಾಂದ್ರ ಇದೆ ಎಂದು ಹೇಳಿ ಅದು ಸುಮ್ಮನಾಗುತ್ತದೆ. ಮುಂದೇನು ಎಂಬುದನ್ನು ನಾವು ಎರಡೆರಡು ಪದ ಒತ್ತಿ ಹೇಳಬೇಕು. ಟೇಕ್ ಲ್ಯಾಂಪ್. ಗೋ ನಾರ್ತ್. ಹೀಗೆ ಗವಿಯೊಳಗಿನ ಒಡವೆಗಳನ್ನು ಹೊರಗೆ ತರಬೇಕು; ಸರಿಹೋದರೆ ಅಂಕ, ತಪ್ಪಿದರೆ ಹೊಂಡಕ್ಕೆ ಬಿದ್ದು ಸಾವು. ಒಟ್ಟು ಇನ್ನೂರು ಅಂಕ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಕೂತಿದ್ದ ಶಂಭುಲಿಂಗ, ಒಂದು ಲಾರಿ ಹೋಗಿ ಇನ್ನೊಂದು ಬರುವ ಬಿಡುವಿನಲ್ಲಿ, ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು, ಆರು ತಿಂಗಳಲ್ಲಿ ನೂರಾ ತೊಂಬತ್ತೈದು ಗಳಿಸಿದ.

ಇನ್ನೈದು ಸಿಗಲಿಲ್ಲ. ಅದು ಸಿಗುವ ತನಕ ಚಾ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತ. ಕಾಶಿಗೆ ಹೋದವರು ಇಷ್ಟವಾದದ್ದನ್ನು ಬಿಟ್ಟು ಬರುತ್ತಾರಲ್ಲ, ಹಾಗೆ. ಅವರಾದರೂ ಜಾಣರು, ಹಾಗಲಕಾಯಿ ಬಿಟ್ಟು ಬರುತ್ತಾರೆ. ದಿನಕ್ಕೆ ಹನ್ನೆರಡು ಲೋಟ ಕುಡಿಯುತ್ತಿದ್ದ ಇವನು ಚಾ ಬಿಟ್ಟ. ಒಂದು ವಾರದ ಮಾತು ಅಂದುಕೊಂಡಿದ್ದ. ಮೂವತ್ತೆರಡು ವರ್ಷ ಹಿಡಿಯಿತು.

ಮಧ್ಯದಲ್ಲಿ ಮದುವೆಯೂ ಆಯಿತು. ಕಂಪ್ಲಿಗೆ ಹೆಣ್ಣು ನೋಡಲು ಹೋದಾಗ ಸಂಗಮ್ಮ ತಂದಿಟ್ಟ ಚಾ ಇವನು ಮುಟ್ಟಲಿಲ್ಲ. ಹುಡುಗಿ ಒಪ್ಪಿಗೆಯಾಗಲಿಲ್ಲ ಎಂದು ಅವರ ಮನೆಯವರು ಮುಖ ಸಣ್ಣದು ಮಾಡಿಕೊಂಡರು. ಅದನ್ನು ಸರಿಮಾಡಲು ನಾನು ಎರಡು ಸಲ ಕಂಪ್ಲಿಗೆ ಓಡಾಡಿದೆ. ಗವಿ, ಲಾಂದ್ರ, ಅಂಕ ಅಂತ ವಿವರಿಸಿದ್ದಕ್ಕೆ ಸಂಗಮ್ಮನ ಅಪ್ಪ, “ಹುಡುಗನ ತಲಿ ನೆಟ್ಟಗೈತಿ ಹೌದಲ್ಲೋ?” ಎಂದು ಮೂರು ಸಲ ಕೇಳಿದರು. ನೆಟ್ಟಗಿದೆ ಎಂದು ಮೂರು ಸಲವೂ ಹೇಳಿದೆ. ಸರಕು ದಾಟಿಸುವುದು ನನ್ನ ಕಸುಬು.

ಈಗ ಗಂಡ ಹೆಂಡತಿ ಕಡ್ಡಿರಾಂಪುರದಲ್ಲಿ ಎರಡು ಕೋಣೆಯ ಹೋಂಸ್ಟೇ ನಡೆಸುತ್ತಾರೆ. ಹಂಪಿ ನೋಡಲು ಬಂದ ಪರದೇಶದವರಿಗೆ ಶಂಭುಲಿಂಗ ದಾರಿ ಹೇಳುವುದು ಗವಿಯಲ್ಲಿ ಕಲಿತ ಇಂಗ್ಲಿಷಿನಲ್ಲೇ: “ಗೋ ಈಸ್ಟ್. ಸೀ ಟೆಂಪಲ್. ನೋ ಕ್ಲೈಂಬ್ ಪಿಲ್ಲರ್.” ಒಬ್ಬರೂ ದಾರಿ ತಪ್ಪಿದ್ದಿಲ್ಲ. ಸಂಜೆ ಬಂದವರಿಗೆ ಸಂಗಮ್ಮನ ಚಾ. ಹಾಲು ಕುದಿಸಿ ಕುದಿಸಿ, ಶುಂಠಿ ಜಜ್ಜಿ ಹಾಕಿದ ಆ ಚಾದ ಹೊಗಳಿಕೆಯನ್ನು ಎಂಟು ದೇಶದವರು ಪುಸ್ತಕದಲ್ಲಿ ಬರೆದು ಹೋಗಿದ್ದಾರೆ. ಮನೆಯ ಯಜಮಾನ ಮಾತ್ರ ಅದರ ರುಚಿ ಕಂಡಿಲ್ಲ.

ಆ ಆಟವಿದ್ದ ಹಳೆಯ ಫ್ಲಾಪಿ ಎಂದೋ ಕೆಟ್ಟುಹೋಗಿತ್ತು. ಇಲ್ಲಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ಮಗಳು ಕಾವ್ಯ ಕಳೆದ ವರ್ಷ ಅದೇ ಆಟವನ್ನು ಎಲ್ಲಿಂದಲೋ ಹುಡುಕಿ ಅವನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು. ಅಲ್ಲಿಂದ ಪ್ರತಿ ಭಾನುವಾರ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಗವಿ ತೆರೆಯಿತು. ಗೋಣಿಚೀಲದ ಅಟ್ಟಿಯ ಮೇಲೆ ಅವನು ಮ್ಯಾಪು ಹಾಸುತ್ತಾನೆ. ಕಾಟಾದ ಪ್ರಿಂಟರಿನ ಉದ್ದನೆ ಕಾಗದದ ಹಿಂಬದಿಯಲ್ಲಿ ಬರೆದದ್ದು. ಪೂರ್ತಿ ಬಿಚ್ಚಿದರೆ ಗಿರಾಕಿ ನಿಲ್ಲಲು ಜಾಗವಿರುವುದಿಲ್ಲ.

“ಹದಿನಾಲ್ಕು ಒಡವಿ ಹೊರಗ ತಂದಿ. ಒಬ್ಬ ಗಿರಾಕಿ ಇಲ್ಲ,” ಎಂದು ನಾನು ಕೆಣಕುತ್ತೇನೆ. “ಎಂಥಾ ವ್ಯಾಪಾರಲೇ ಇದು?”

“ನಿನಗ ಕಣ್ಣಿಗೆ ಕಾಣೋದಷ್ಟ ಮಾಲು, ಸಾವ್ಕಾರ.”

“ಈಗಿನ ಆಟದಾಗ ಹುಲ್ಲಿನ ಎಸಳೂ ಕಾಣ್ತೈತಿ ಕಾಕಾ,” ಎಂದಳು ಕಾವ್ಯ.

“ಕಾಣ್ತೈತಿ. ಎಲ್ಲಾರಿಗೂ ಒಂದಾ ಹುಲ್ಲು. ನನ್ನ ಗವಿ ಸಂಡೂರಿನ ಗುಡ್ಡದಾಗೈತಿ. ನಿನ್ನ ಗವಿ ನೀ ಎಲ್ಲಿ ಬೇಕಾದ್ರ ಇಟ್ಕೋ.”

ಅವಳು ಮ್ಯಾಪಿನ ಹತ್ತಿರ ಸರಿದು ಕೂತಳು. ಪಾಠ ಮಾಡುವವರು ಪಾಠಕ್ಕೆ ಕೂರುವುದು ಅಪರೂಪ.

ಆ ಗವಿಯೊಳಗೆ ಒಂದು ಹಗ್ಗದ ಸೇತುವೆ ಇದೆ. ದಾಟಿದಾಗೆಲ್ಲ, ನಿನ್ನ ಭಾರಕ್ಕೆ ಸೇತುವೆ ನರಳಿತು ಎಂದು ಬರುತ್ತದೆ. ಐದು ಅಂಕ ಅಲ್ಲೇ ಎಲ್ಲೋ ಇದೆ ಎಂಬ ಗುಮಾನಿ ಅವನಿಗೆ ಮೊದಲಿನಿಂದಲೂ ಇತ್ತು. ಒಡವೆ ಇಳಿಸಿ ದಾಟಿದ್ದ, ಕೊಡಲಿ ಇಳಿಸಿ ದಾಟಿದ್ದ, ಕೊನೆಗೆ ರೊಟ್ಟಿಯನ್ನೂ ಇಳಿಸಿದ್ದ. ಸೇತುವೆ ನರಳುವುದು ಬಿಡಲಿಲ್ಲ.

ಒಂದು ದಿನ ಕಾವ್ಯ ನನ್ನ ಕಿವಿಯಲ್ಲಿ ಹೇಳಿದಳು. ಆಟದ ಜೊತೆ ಬಂದ ಫೈಲಿನಲ್ಲಿ ಉತ್ತರವೂ ಇತ್ತಂತೆ. ಲಾಂದ್ರವನ್ನು ಈಚೆ ದಡದಲ್ಲೇ ಉರಿಯಲು ಬಿಟ್ಟು, ಆ ಬೆಳಕಿನಲ್ಲಿ ಪೂರಾ ಬರಿಗೈಯಲ್ಲಿ ದಾಟಬೇಕು. ಅಷ್ಟೇ. ಕತ್ತಲೆಗೆ ಹೆದರಿ ಇವನು ಲಾಂದ್ರವೊಂದನ್ನು ಮಾತ್ರ ಯಾವತ್ತೂ ಕೈಬಿಟ್ಟಿರಲಿಲ್ಲ. ಜೀವಮಾನವೆಲ್ಲ ಊರವರ ಲಾರಿ ಖಾಲಿ ಮಾಡಿಸಿದವನು ತಾನು ಮಾತ್ರ ಖಾಲಿಯಾಗಿ ದಾಟಿರಲಿಲ್ಲ.

ಬೆಲೆ ಗೊತ್ತಿದ್ದೂ ಬಾಯಿ ಬಿಡದಿರುವುದು ನನಗೆ ಅಭ್ಯಾಸ. ಆದರೂ ಇದನ್ನು ಹೊತ್ತು ಭಾನುವಾರ ಕಳೆಯುವುದು ಕಷ್ಟವಾಯಿತು. ತಾಳಲಾರದೆ ಸಂಗಮ್ಮನ ಮುಂದೆ ಹೇಳಿದೆ. ಆಕೆ ಒಲೆ ಸಣ್ಣದು ಮಾಡಿ ನನ್ನನ್ನೇ ನೋಡಿದರು.

“ಹೇಳಿಕೊಟ್ಟಿದ್ದಕ್ಕ ಸಿಕ್ಕ ಅಂಕ ಅವ್ರು ಒಪ್ಪಂಗಿಲ್ರಿ ಅಣ್ಣಾರ. ಒಪ್ಪಲಿಲ್ಲಂದ್ರ ನನ್ನ ಚಾ ಸಾಯೋತನಕ ಹಂಗಾ. ನೀವು ಬಾಯಿ ತೆರಿಬ್ಯಾಡ್ರಿ. ತೆರದಂಗ ಮಾರಿ ಮಾಡ್ಕೊಂಡೂ ಕುಂದ್ರಬ್ಯಾಡ್ರಿ.”

ಹೇಳಬಾರದು ಎಂದರೇನು, ತೋರಿಸಬಾರದು ಎಂದಾಕೆ ಹೇಳಲಿಲ್ಲವಲ್ಲ.

ಕಂಪ್ಲಿಯ ಒಂದು ಅಕ್ಕಿ ಗಿರಣಿಯಿಂದ ನಾನು ಹಳೆ ಗೋಣಿಚೀಲ ತೂಕದ ಮೇಲೆ ತರುತ್ತೇನೆ. ಮುಂದಿನ ಗುರುವಾರ ಜೊತೆಗಿರಲಿ ಎಂದು ಶಂಭುಲಿಂಗನನ್ನು ಲಾರಿಗೆ ಹತ್ತಿಸಿಕೊಂಡೆ. ಅದಕ್ಕೆ ಮೊದಲೇ ಸೀಟಿನ ಹಿಂದೆ ಒಂದು ಸ್ಟೆಪ್ನಿ, ಎರಡು ಸಿಂಬೆ ಹಗ್ಗ, ಒಂದು ಮಡಿಸಿದ ತಾಡಪತ್ರಿ, ತುಂಬಿದ ನೀರಿನ ಕ್ಯಾನು ತುರುಕಿ ಮೇಲೆ ಕಂಬಳಿ ಹೊದಿಸಿದ್ದೆ. ಸಿಕ್ಕಿಬೀಳಲೆಂದೇ ಕಳ್ಳತೂಕಕ್ಕೆ ಹೊರಟ ವ್ಯಾಪಾರಿ ಈ ಸೀಮೆಯಲ್ಲಿ ನಾನೇ ಮೊದಲನೆಯವನಿರಬೇಕು.

ಗಿರಣಿಯ ಕಾಟಾ ನೋಡುವ ಹೊನ್ನೂರುಸ್ವಾಮಿ ಖಾಲಿ ತೂಕಕ್ಕೆ ಗುಂಡಿ ಒತ್ತುವುದರಲ್ಲಿದ್ದ. ಕೆಳಗಿಳಿದಿದ್ದ ಶಂಭುಲಿಂಗ ಟೈರು ನೋಡಿದ.

“ತಡೀರಿ. ಈ ಗಾಡಿ ಖಾಲಿ ಇಲ್ಲ.”

“ಖಾಲೀನ ಐತ್ರಿ ಯಜಮಾನ್ರ,” ಎಂದ ಹೊನ್ನೂರುಸ್ವಾಮಿ.

ಶಂಭುಲಿಂಗ ಕ್ಯಾಬಿನ್ ಹತ್ತಿ ಕಂಬಳಿ ಎಳೆದ. ಆಮೇಲೆ ನನ್ನ ಕಡೆ ತಿರುಗಿದ. “ಲೇ ಸಾವ್ಕಾರ, ಕಂಪ್ಲಿ ದಾರಿಗೆ ಎರಡು ಸಿಂಬಿ ಹಗ್ಗ ಯಾಕಲೇ? ತುಂಗಭದ್ರಿ ಕಟ್ಟಿ ಎಳೀತೀಯೇನು?”

“ದಾರಿಯಾಗ ಏನರ ಬೇಕಾದ್ರ ಅಂತ,” ಎಂದೆ.

“ಹೊನ್ನೂರುಸ್ವಾಮಿ, ಈ ಮನುಷ್ಯಾನ್ನ ಸರಿಯಾಗಿ ನೋಡಿ ಇಟ್ಕೊಳ್ರಿ.”

ಗಿರಣಿಯ ಹಮಾಲರೆಲ್ಲ ನಗುತ್ತಿದ್ದರು. ಮರ್ಯಾದೆ ಒಂದೊಂದಾಗಿ ಇಳಿಯಿತು: ಸ್ಟೆಪ್ನಿ, ಹಗ್ಗ, ತಾಡಪತ್ರಿ, ಕ್ಯಾನು. ಕೊನೆಗೆ ಡ್ಯಾಶ್‌ಬೋರ್ಡಿನ ಮೇಲೊಂದು ದೊಡ್ಡ ಟಾರ್ಚು ಉಳಿಯಿತು.

“ಅದಿರ್ಲಿ ಬಿಡ್ರಿ,” ಎಂದ ನಮ್ಮ ಡ್ರೈವರ್ ರೇವಣಸಿದ್ದ. “ಅದರದೇನು ಭಾರ. ಅದಿಲ್ದಿದ್ರ ಕತ್ತಲಾಗ ನನ್ನ ಗತಿ ಏನ್ರಿ?”

“ಖಾಲಿ ಅಂದ್ರ ಖಾಲಿ. ಈ ಕಟ್ಟಿ ಮ್ಯಾಲ ಇಟ್ಟು ಹೋಗು. ನೀ ದಾಟೋತನಕ ಅದೇನ್ ಓಡಿ…”

ಅಲ್ಲಿಗೆ ಮಾತು ನಿಂತಿತು. ಟಾರ್ಚು ಶಂಭುಲಿಂಗನ ಕೈಯಲ್ಲೇ ಇತ್ತು. ಅದನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ಸ್ವಲ್ಪ ದೂರ ನಡೆದು, ತಿರುಗಿ ನೋಡಿದ.

“ಮನಿಗೆ ನಡಿ.”

“ಚೀಲ?”

“ಚೀಲ ನಾಳೆ. ಜಲ್ದಿ ನಡಿಯಲೇ.”

ಖಾಲಿ ಲಾರಿಯಲ್ಲೇ ಕಡ್ಡಿರಾಂಪುರಕ್ಕೆ ಬಂದೆವು.  ಶಂಭುಲಿಂಗ ಚಪ್ಪಲಿ ಕಳೆಯದೆ ಲ್ಯಾಪ್‌ಟಾಪ್ ತೆರೆದು, ಹೊಸದಾಗಿ ಶುರುಮಾಡಿ, ಬಾಯಿಪಾಠವಿದ್ದ ನೂರಾ ತೊಂಬತ್ತೈದನ್ನು ಮುಕ್ಕಾಲು ಗಂಟೆಯಲ್ಲಿ ಒತ್ತಿ ಮುಗಿಸಿದ. ಸೇತುವೆಯ ಬಳಿ ಒಂದೊಂದೇ ಸಾಮಾನು ಇಳಿಸಿದ. ಡ್ರಾಪ್ ಲ್ಯಾಂಪ್ ಎಂದು ಒತ್ತುವಾಗ ಬೆರಳು ಸ್ವಲ್ಪ ತಡೆಯಿತು. ಗೋ ವೆಸ್ಟ್.

ಸೇತುವೆ ನರಳಲಿಲ್ಲ. ಇನ್ನೂರಕ್ಕೆ ಇನ್ನೂರು ಎಂದು ಬಂತು.

ಅಡುಗೆಮನೆಯಲ್ಲಿ ಹಾಲು ಆಗಲೇ ಕುದಿಯುತ್ತಿತ್ತು. ಸಂಗಮ್ಮ ಒಂದು ಲೋಟ ತಂದು ಅವನ ಮುಂದಿಟ್ಟರು. ಅವನು ಮುಟ್ಟಲಿಲ್ಲ, ನನ್ನ ಮುಖ ನೋಡಿದ.

“ನಿನಗ ಮೊದ್ಲಾ ಗೊತ್ತಿತ್ತೇನಲೇ?”

“ನಾ ಒಂದರ ಮಾತು ಹೇಳೀನೇನು?”

“ಹೇಳಿಲ್ಲ. ಹಗ್ಗ ನೀ ಇಟ್ಟಿದ್ದಿ. ಟಾರ್ಚು?”

“ಅದು ರೇವಣಸಿದ್ದಂದು. ಹೋಗಿ ಕೇಳು.” ಇದು ನಿಜ. ಗುರುವಾರ ಅದನ್ನು ಮರೆಯದೆ ತಾ ಎಂದು ಅವನಿಗೆ ನಾನು ಹೇಳಿದ್ದೂ ನಿಜ. ಶಂಭುಲಿಂಗ ಅದನ್ನು ಕೇಳಲಿಲ್ಲ.

ಲೋಟದ ಮೇಲಿನ ಹಬೆ ಕಡಿಮೆಯಾಗುತ್ತ ಬಂತು. ಸಂಗಮ್ಮ ಸೆರಗು ಸಿಗಿಸಿಕೊಂಡು, ಮೂವತ್ತು ವರ್ಷ ಕೇಳಿ ಕೇಳಿ ಕಲಿತ ಇಂಗ್ಲಿಷಿನಲ್ಲೇ ಹೇಳಿದರು: “ಟೇಕ್ ಗ್ಲಾಸ್. ಡ್ರಿಂಕ್ ಟೀ.”

ಅವನಿಗೆ ನಗು ಬಂತು. ಎದ್ದು ಹೋಗಿ ಇನ್ನೊಂದು ಲೋಟ ತಂದ. ಚಾ ಅದಕ್ಕೂ ಬಗ್ಗಿಸಿ ನನ್ನತ್ತ ತಳ್ಳಿ, ತನ್ನದನ್ನು ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ.

“ಹೆಂಗೈತ್ರಿ?” ಎಂದರು ಸಂಗಮ್ಮ.

“ಎಂಟು ದೇಶದೋರೂ ಕಡಿಮಿ ಬರದಾರ.” ಆಮೇಲೆ ನನಗೆ ಹೇಳಿದ: “ಐದು ಅಂಕ ಪಾಲು ಮಾಡಾಕ ಬರಂಗಿಲ್ಲ ಸಾವ್ಕಾರ. ಚಾ ಮಾಡಬೌದು. ಕುಡಿ.”

ನಾನು ಎರಡೂ ಲೋಟ ನೋಡಿದೆ. ಬೈಟೂ ಅಂದರೆ ಸಮಪಾಲು. ನನ್ನದರಲ್ಲಿ ಎರಡು ಬೆರಳು ಕಡಿಮೆಯಿತ್ತು. ಕಾಟಾದವನ ಕೈ ತಪ್ಪಿ ಹಾಗೆ ಸುರಿಯುವುದಿಲ್ಲ. ಐದರಲ್ಲಿ ನನ್ನದೆಷ್ಟು ಎಂದು ತೂಗಿಯೇ ಹಾಕಿದ್ದ. ತಕರಾರು ಮಾಡದೆ ಕುಡಿದೆ.