ರಂಜಾನ್ ಕಿಟ್ಟಿನ ಪಂಚಮಿ ಉಂಡಿ

ನಮ್ಮ ಮನೆಯಲ್ಲಿ ಹಬ್ಬಗಳು ತಡವಾಗಿ ಬರುತ್ತವೆ. ಊರಿಗೆಲ್ಲ ದೀಪಾವಳಿ ಮುಗಿದು, ಪುರಸಭೆಯವರು ಪಟಾಕಿಯ ಕಾಗದ ಗುಡಿಸಿಕೊಂಡು ಹೋದ ಮೇಲೆ ನಮ್ಮ ಒಲೆಯ ಮೇಲೆ ಕರ್ಚಿಕಾಯಿಗೆ ಎಣ್ಣೆ ಕಾಯುತ್ತದೆ. ಸಂಕ್ರಾಂತಿಯ ಕುಸುರೆಳ್ಳನ್ನು ನಾವು ಹೋಳಿ ಹುಣ್ಣಿಮೆಗೆ ಮೆಲ್ಲುತ್ತೇವೆ. ಇದರಲ್ಲಿ ಪಂಚಾಂಗದ ತಪ್ಪೇನೂ ಇಲ್ಲ. ತಪ್ಪೆಲ್ಲ ನಮ್ಮ ಅತ್ತೆಯದು.

ನಮ್ಮ ಶಿಗ್ಗಾಂವದ ಹೆದ್ದಾರಿ ಪಕ್ಕದಲ್ಲಿ ಒಂದು ದೊಡ್ಡ ಹೋಲ್‌ಸೇಲ್ ಅಂಗಡಿ ಇದೆ. ಅವರು ಹಬ್ಬಹಬ್ಬಕ್ಕೂ ಒಂದು ಕಿಟ್ ಮಾಡುತ್ತಾರೆ. ಆ ಹಬ್ಬಕ್ಕೆ ಬೇಕಾದ ಬೇಳೆ, ಸಕ್ಕರೆ, ರವೆ, ಎಣ್ಣೆ ಎಲ್ಲವನ್ನೂ ತುಂಬಿದ, ಒಬ್ಬರಿಂದ ಎತ್ತಲಾಗದಂಥ ಚೀಲ. ಹಬ್ಬದ ಮುಂಚೆ ಅದಕ್ಕೊಂದು ದರ. ಹಬ್ಬ ಮುಗಿದ ವಾರಕ್ಕೆ, ಉಳಿದ ಚೀಲಗಳೆಲ್ಲ ಅರ್ಧ ದರದ ಚೀಟಿ ಹಚ್ಚಿಸಿಕೊಂಡು ಬಾಗಿಲ ಬಳಿ ಬಂದು ಕೂರುತ್ತವೆ. ಆ ಒಂದು ವಾರ ಅತ್ತೆಗೆ ಮೊಣಕಾಲು ನೋಯುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ಅಂಗಳಕ್ಕೆ ಹೋಗಿ ಬರಲೂ ನನ್ನ ಹೆಗಲು ಬೇಕು.

ಮದುವೆಯಾದ ಹೊಸತರಲ್ಲಿ ನಾನು ಬಾಯಿ ತಡೆಯದೆ ಕೇಳಿಬಿಟ್ಟಿದ್ದೆ.

“ಹಬ್ಬ ಮುಗದ ಮ್ಯಾಲ ಎಡಿ ಮಾಡಿದ್ರ ದೇವ್ರು ಏನಂತಾನ್ರಿ ಅತ್ತ್ಯಾರ?”

“ದೇವ್ರೇನು ನಮ್ಮ ಕಿರಾಣಿ ಬಿಲ್ ಕೊಡ್ತಾನೇನ? ಸುಮ್ನ ಚೀಲದ ಆ ಕಡೆ ಹಿಡಿ,” ಎಂದರು.

ಹಿಡಿದೆ. ನನ್ನ ತವರು ಆಡೂರು. ಅಲ್ಲಿ ರಾಜರ ಕಾಲದ ಶಾಸನಗಳಿವೆ, ಓದಿ ಹೇಳಲು ದೂರದಿಂದ ಪಂಡಿತರು ಬರಬೇಕು. ಅತ್ತೆಯ ಮಾತಿಗೆ ಆ ತೊಂದರೆ ಇಲ್ಲ. ಓಣಿಯ ಕೊನೆಯ ಮನೆಯವರೆಗೂ ಅದು ಸ್ಪಷ್ಟವಾಗಿ ಅರ್ಥವಾಗುತ್ತದೆ.

ನಗಾಡುತ್ತೇನೆ, ಆದರೆ ಆ ಅರ್ಧ ದರದ ಚೀಲಗಳಿಲ್ಲದಿದ್ದರೆ ನಮ್ಮ ಸಂಸಾರ ತೂಗುತ್ತಿರಲಿಲ್ಲ ಎಂಬುದೂ ನಿಜ. ನನ್ನ ಗಂಡನದು ಒಂದು ಗೂಡ್ಸ್ ಟೆಂಪೋ. ಗೋವಿನಜೋಳದ ಲೋಡು ಸಿಕ್ಕ ತಿಂಗಳು ನಾವು ಶ್ರೀಮಂತರು, ಟೆಂಪೋ ಗ್ಯಾರೇಜಿನಲ್ಲಿ ಮಲಗಿದ ತಿಂಗಳು ಸಾರಿಗೆ ನೀರು ಜಾಸ್ತಿ. ಎರಡು ಮಕ್ಕಳು ಬೆಳೆಯುವ ವಯಸ್ಸಿನವು, ಅವುಗಳ ಹೊಟ್ಟೆಗೆ ತಳವಿಲ್ಲ. ಹೀಗಾಗಿ ಸಗಟಿನಲ್ಲಿ ತಂದು, ಡಬ್ಬಿಗಳಲ್ಲಿ ತುಂಬಿ, ಅಟ್ಟಕ್ಕೆ ಏರಿಸಿ, ಮಳೆಗಾಲದುದ್ದಕ್ಕೂ ಇಳಿಸಿಕೊಂಡು ಉಣ್ಣುವುದು ನಮ್ಮ ಪದ್ಧತಿ. ಜೊತೆಗೆ ಪ್ರತಿ ಚೀಲಕ್ಕೂ ಒಂದು ಬಕೆಟ್ ಉಚಿತ. ನಮ್ಮ ಬಚ್ಚಲಲ್ಲಿ ಈಗ ಮನುಷ್ಯರು ನಿಲ್ಲಲು ಜಾಗವಿಲ್ಲ.

ಈ ವ್ಯಾಪಾರದಲ್ಲಿ ಅತ್ತೆಗೆ ಒಬ್ಬರು ಪಾಲುದಾರರಿದ್ದಾರೆ: ಗೋಡೆಗೆ ಗೋಡೆ ಹತ್ತಿದ ಮನೆಯ ಆಪಾ. ಸವಣೂರಿನ ಮಗಳು, ನಮ್ಮ ಓಣಿಯ ಸೊಸೆ, ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಜಂಪರುಗಳನ್ನೆಲ್ಲ ಹೊಲಿಯುವವರು. ಚೀಲ ಯಾವ ಹಬ್ಬದ್ದೇ ಆಗಲಿ, ಇಬ್ಬರೂ ದುಡ್ಡು ಕೂಡಿಸಿ ತರುತ್ತಾರೆ, ನಮ್ಮ ಕಟ್ಟೆಯ ಮೇಲೆ ಸುರಿದು ಪಾಲು ಹಾಕುತ್ತಾರೆ. ಪಾಲು ಹಾಕುವುದು ಒಬ್ಬರು, ಮೊದಲು ಆರಿಸುವುದು ಇನ್ನೊಬ್ಬರು. ಇದು ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ರೀತಿ. ವ್ಯತ್ಯಾಸವೆಂದರೆ ಇವರಿಬ್ಬರೂ ಕೋರ್ಟಿಗೆ ಹೋಗಿಲ್ಲ. ನಾವು ಅವರ ಹಬ್ಬವನ್ನು ತಿನ್ನುತ್ತೇವೆ, ಅವರು ನಮ್ಮ ಹಬ್ಬವನ್ನು. ಎರಡೂ ಹಳತಾದ ಮೇಲೆ.

ಒಂದು ವರ್ಷ ರಂಜಾನ್ ಮುಗಿದ ವಾರಕ್ಕೆ ಒಂದು ಭಾರಿ ಚೀಲ ಬಂತು. ಆಪಾ ಆಗಲೇ ಈದಿಗೆ ಸುರಕುಂಬಾ, ಅಂದರೆ ಒಣಹಣ್ಣಿನ ಶಾವಿಗೆ ಪಾಯಸ, ಮಾಡಿ ಓಣಿಗೆಲ್ಲ ಹಂಚಿ ಸಾಕಾಗಿದ್ದರು. ಹಾಗಾಗಿ ಅವರು ಒಣಹಣ್ಣು ಬಿಟ್ಟು, ದಿನಬಳಕೆಗಾಗುವ ಶಾವಿಗೆ, ಸಕ್ಕರೆ, ತುಪ್ಪ ಎತ್ತಿಕೊಂಡರು. ಉತ್ತತ್ತಿ, ಕೊಬ್ಬರಿ ಬಟ್ಟಲು, ಗಸಗಸೆ, ಬಾದಾಮಿ, ಗೋಡಂಬಿ ನಮ್ಮ ಪಾಲಿಗೆ ಬಂದವು. ಚೀಲದ ತಳದಲ್ಲಿ ಉಚಿತವೆಂದು ಒಂದು ಪೊಟ್ಟಣ ಅಂಟು ಇತ್ತು. ಅದೇ, ತುಪ್ಪದಲ್ಲಿ ಕರಿದರೆ ಅರಳುವ ಗೋಂದು. ಅದನ್ನೂ ಅತ್ತೆಯೇ ಎತ್ತಿಟ್ಟುಕೊಂಡರು. ಎಲ್ಲ ಡಬ್ಬಿ ಸೇರಿ ಅಟ್ಟ ಏರಿದವು.

ನಾಗರ ಪಂಚಮಿ ಬಂತು. ಟೆಂಪೋ ಗ್ಯಾರೇಜಿನಲ್ಲಿತ್ತು.

ಉಳಿದ ಹಬ್ಬಗಳನ್ನು ಎಷ್ಟು ತಡವಾಗಿಯಾದರೂ ಮಾಡಬಹುದು, ಪಂಚಮಿಯನ್ನು ಮಾತ್ರ ಮುಂದೂಡಲಾಗದು. ಅದು ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮಗಳು ತವರಿಗೆ ಬರಬೇಕು, ಬರಲಾಗದಿದ್ದರೆ ತವರಿನ ಉಂಡಿಯಾದರೂ ಅವಳ ಮನೆ ಮುಟ್ಟಬೇಕು. ನನ್ನ ನಾದಿನಿಯನ್ನು ಹಿರೇಕೆರೂರಿನ ಕಡೆಗೆ ಕೊಟ್ಟಿದೆ. ಮದುವೆಯಾಗಿ ಬಹಳ ವರ್ಷವಾಯಿತು, ಮಕ್ಕಳಾಗಿಲ್ಲ. ದವಾಖಾನೆ, ಹರಕೆ, ನಾಟಿ ಔಷಧ ಎಲ್ಲ ಆಯಿತು. ಶ್ರಾವಣದಲ್ಲಿ ಹೊಲದ ಕಳೆ ಕೆಲಸ ಇದೆಯೆಂದು ಅವಳ ಅತ್ತೆ ಅವಳನ್ನು ಕಳಿಸುವುದಿಲ್ಲ. ಅಣ್ಣ ಒಯ್ದುಕೊಟ್ಟ ಉಂಡಿಯ ಡಬ್ಬಿಯನ್ನು ಮಾತ್ರ ಪಂಚಮಿಯ ಜೋಕಾಲಿ ಆಡಲು ಬಂದ ಹೆಂಗಸರ ಮುಂದೆ ತೆಗೆದು, ಒಂದೊಂದೇ ಮುರಿದು, ಬೆಲ್ಲ ಕಮ್ಮಿ, ತುಪ್ಪ ಇಲ್ಲ ಎಂದು ತೀರ್ಪು ಕೊಡುತ್ತಾರೆ. ಉಂಡಿ ನೆಪ. ಏಟು ಬೀಳುವುದು ನಾದಿನಿಗೆ. ತಿರುಗಿ ಹೇಳಲು ಅವಳ ಬಗಲಲ್ಲಿ ಒಂದು ಕೂಸಿಲ್ಲ ಎಂಬುದು ಆ ಮನೆಯ ಲೆಕ್ಕ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹಾಗಾಗಿ ಆ ಸಲ ಅತ್ತೆ ಹಟ ಹಿಡಿದರು. ಉಂಡಿ ಹೇಗಿರಬೇಕೆಂದರೆ ಹಿರೇಕೆರೂರಿನವರ ಬಾಯಿ ಮುಚ್ಚಬೇಕು. ಅಂಗಡಿಯಲ್ಲಿ ಪಂಚಮಿ ಕಿಟ್ ಇತ್ತು, ಆದರೆ ಪೂರಾ ದರಕ್ಕೆ. ಪಂಚಮಿ ಮುಗಿದ ಮೇಲೆ ಅದು ಅರ್ಧಕ್ಕೆ ಬರುತ್ತದೆ ಎಂಬ ಸತ್ಯ ಗೊತ್ತಿದ್ದ ಹೆಂಗಸಿಗೆ ಈಗ ಅದನ್ನು ಕೊಳ್ಳುವುದೆಂದರೆ ಕಿಡ್ನಿ ಕೊಟ್ಟಂತೆ. ಶೇಂಗಾ, ಎಳ್ಳು, ರವೆ ಬಿಡಿಯಾಗಿ ಒಂದಿಷ್ಟು ತಂದು ಮೂರು ಬಗೆಯ ಉಂಡಿ ಕಟ್ಟಿದೆವು. ಅತ್ತೆಗೆ ಸಮಾಧಾನವಾಗಲಿಲ್ಲ.

“ಇವು ಎಲ್ಲಾರ ಮನ್ಯಾಗೂ ಇರ್ತಾವು. ಅವರು ಕಂಡಿರಬಾರ್ದು, ಅಂಥಾದ್ದೊಂದು ಮಾಡೂಣು.”

“ಅಟ್ಟದ ಮ್ಯಾಲ ಸುರಕುಂಬಾದ ಸಾಮಾನು ಐತಲ್ರಿ? ಈಗ ಸ್ವೀಟ್ ಅಂಗಡ್ಯಾಗ ಡ್ರೈಫ್ರೂಟ್ ಉಂಡಿ ಅಂತ ಮಾರ್ತಾರ. ರೇಟ್ ಕೇಳಿದ್ರ ಎದಿ ಒಡೀತೈತಿ,” ಎಂದೆ.

ರೇಟಿನ ಮಾತು ಕೇಳಿ ಅತ್ತೆಯ ಕಣ್ಣುಗಳು ಅರಳಿದವು. ಡಬ್ಬಿಗಳು ಇಳಿದವು. ನಾನು ಉತ್ತತ್ತಿಯನ್ನು ಕುಟ್ಟಿದೆ, ಕೊಬ್ಬರಿ ತುರಿದೆ. ಅತ್ತೆ ಗಸಗಸೆ ಹುರಿದರು, ಬೆಲ್ಲದ ಪಾಕ ಹಿಡಿದರು. ಕೊನೆಗೆ ಆ ಅಂಟಿನ ಪೊಟ್ಟಣ ಕೈಗೆ ಸಿಕ್ಕಿತು.

“ಫುಕಟ್ ಬಂದೈತಿ, ಕೆಡಸಬಾರ್ದು,” ಎಂದು ಅದನ್ನೂ ತುಪ್ಪದಲ್ಲಿ ಕರಿದು ಹಾಕಿದರು. ಉಂಡಿಗಳು ಹೇಗೆ ಬಂದಿದ್ದವೆಂದರೆ, ನನ್ನ ಗಂಡ ಸ್ನಾನ ಮಾಡದೆಯೇ ಎರಡು ತಿಂದು ಬೈಸಿಕೊಂಡ. ಅತ್ತೆ ಅವನ್ನು ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆ, ಮುಚ್ಚಳ ತೆಗೆದ ಕೂಡಲೇ ಕಣ್ಣಿಗೆ ಬೀಳುವಂತೆ ಜೋಡಿಸಿದರು. ಪಂಚಮಿಯ ದಿನ ಬೆಳಗಿನ ಬಸ್ಸಿಗೆ ಡಬ್ಬಿ ಹಿಡಿದುಕೊಂಡು ಗಂಡ ಹೊರಟ. ಹಾವೇರಿಯಲ್ಲಿ ಬಸ್ ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಮುಟ್ಟಿಸಿದ್ದೇನೆಂದು ಫೋನ್ ಮಾಡಿ, ತಂಗಿಯ ಮನೆಯಲ್ಲಿ ನೀರನ್ನೂ ಸರಿಯಾಗಿ ಕುಡಿಯದೆ ತಿರುಗಿ ಬಸ್ ಹತ್ತಿದ. ಅವನಿಗೂ ಆ ಮನೆ ಕಂಡರೆ ಆಗುವುದಿಲ್ಲ.

ಮಧ್ಯಾಹ್ನ ಆಪಾ ಬಂದರು. ಅವರ ಹಬ್ಬದ ಸಾಮಾನಿನ ಉಂಡಿ, ಅವರಿಗೆ ಕೊಡದೆ ಇರಲಾದೀತೆ? ತಟ್ಟೆಯಲ್ಲಿ ನಾಲ್ಕು ಇಟ್ಟುಕೊಟ್ಟೆ. ಒಂದನ್ನು ಕಚ್ಚಿ, ಕಣ್ಣು ಮುಚ್ಚಿ, ಮನಸಾರೆ ಅಗಿದು ನುಂಗಿದರು.

“ಯಾ ಅಲ್ಲಾ, ಭಾರಿ ಆಗ್ಯಾವ್ರಿ ಅವ್ವಾರ,” ಎಂದವರು, ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿ, ಬಹಳ ಖುಷಿಯಿಂದ ಕೇಳಿದರು: “ಯಾರು ಹಡದಾರ್ರಿ?”

ಅತ್ತೆಯ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು.

ಅಂಟು, ಉತ್ತತ್ತಿ, ಕೊಬ್ಬರಿ, ಗಸಗಸೆ ಕೂಡಿಸಿ ಕಟ್ಟಿದ ಉಂಡಿಗೆ ನಮ್ಮ ಕಡೆ ಒಂದೇ ಅರ್ಥ. ಅದು ಅಂಟಿನ ಉಂಡಿ, ಬಾಣಂತಿಯ ಉಂಡಿ. ಹಡೆದವಳ ನಡು ಗಟ್ಟಿಯಾಗಲಿ ಎಂದು ತವರಿನವರು ಕಟ್ಟುವುದು. ನಾನು ಎರಡು ಬಾಣಂತನದಲ್ಲಿ ಅದನ್ನೇ ತಿಂದವಳು. ಅತ್ತೆಯಂತೂ ಬಂಧುಬಳಗದ ಹೆಣ್ಣುಮಕ್ಕಳಿಗೆಲ್ಲ ತಾವೇ ಕಟ್ಟಿಕೊಟ್ಟವರು. ಆದರೂ ಇಬ್ಬರಿಗೂ ಹೊಳೆಯಲಿಲ್ಲ. ರಂಜಾನ್ ಚೀಲದಿಂದ ಬಂದದ್ದೆಲ್ಲ ನಮ್ಮ ಕಣ್ಣಿಗೆ ಸುರಕುಂಬಾದ ಸಾಮಾನಾಗಿತ್ತು. ಸುರಕುಂಬಾಕ್ಕೂ ಬಾಣಂತಿಗೂ ಬೇಕಾದದ್ದು ಹೆಚ್ಚುಕಮ್ಮಿ ಒಂದೇ ಎಂದು, ಎರಡನ್ನೂ ಬಲ್ಲ ಆಪಾನೇ ಬಂದು ಹೇಳಬೇಕಾಯಿತು.

ಹಿರೇಕೆರೂರಿನಲ್ಲಿ ಈಗ ಆ ಡಬ್ಬಿ ತೆರೆದಿರುತ್ತದೆ. ಮಕ್ಕಳಾಗದ ಮಗಳಿಗೆ ಹೆತ್ತ ತಾಯಿಯೇ ಬಾಣಂತಿ ಉಂಡಿ ಕಳಿಸಿದ್ದಾಳೆ, ಅದೂ ಎಲ್ಲರ ಕಣ್ಣಿಗೆ ಬೀಳುವಂತೆ ಮೇಲಿಟ್ಟು. ಇದಕ್ಕಿಂತ ದೊಡ್ಡ ಕುಚೋದ್ಯವನ್ನು ಆ ಬೀಗಿತ್ತಿ ವರ್ಷವಿಡೀ ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ.

“ಫೋನ್ ಹಚ್ಚು, ಫೋನ್ ಹಚ್ಚು,” ಎಂದರು ಅತ್ತೆ. ನಾದಿನಿ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತರು. “ನಾನ ನನ್ನ ಮಗಳ ಬಾಯಾಗ ಮಣ್ಣು ಹಾಕಿದ್ನಲ್ಲೋ ಶಿವನ” ಎಂದು ಹಣೆ ಬಡಿದುಕೊಂಡರು. ಜೋರಾಗಿ ಬೈಯುವ, ಜೋರಾಗಿ ಚೌಕಾಸಿ ಮಾಡುವ ಅತ್ತೆ ಅಷ್ಟು ಸಣ್ಣ ದನಿಯಲ್ಲಿ ಅಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಪಾ ಅವರ ಬೆನ್ನು ಸವರುತ್ತ ಅಲ್ಲೇ ಕೂತರು, ಮಷಿನಿನ ಮೇಲೆ ಅರ್ಧಕ್ಕೆ ಬಿಟ್ಟುಬಂದ ಜಂಪರಿನ ನೆನಪೂ ಅವರಿಗಿರಲಿಲ್ಲ. ನಾನು ಅಂಗಡಿಯವರನ್ನು, ಕಿಟ್ಟನ್ನು, ಉಚಿತವಾಗಿ ಅಂಟು ಕೊಡುವ ಐಡಿಯಾ ಬಂದ ಆ ಪುಣ್ಯಾತ್ಮನನ್ನು, ಅವನ ಹಿಂದುಮುಂದಿನವರನ್ನೆಲ್ಲ ಬೈದೆ. ಡ್ರೈಫ್ರೂಟ್ ಉಂಡಿಯ ಮಾತು ತೆಗೆದ ನನ್ನನ್ನೂ ಸೇರಿಸಿಕೊಂಡೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಾದಿನಿಯ ಫೋನ್ ಬಂತು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ನೆಲದ ಮೇಲಿಟ್ಟೆ.

“ಅವ್ವಾ, ಡಬ್ಬಿ ಬಂತು.”

ಅತ್ತೆ ಫೋನಿನತ್ತ ಬಗ್ಗಿದರು.

“ಜೋಕಾಲಿಗೆ ಬಂದ ಹೆಣ್ಮಕ್ಕಳೆಲ್ಲಾ ಇಲ್ಲೇ ಇದ್ರು. ಅವರ ಮುಂದ ನಮ್ಮತ್ತಿ ಡಬ್ಬಿ ತೆಗದ್ರು. ‘ಇದೇನವಾ, ಬಾಣಂತಿ ಉಂಡಿ ಬಂದಾವು? ನಮಗ ಹೇಳ್ದ ಯಾವಾಗ ಹಡದಿ?’ ಅಂದ್ರು. ಎಲ್ಲಾರೂ ನಕ್ರು.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನಾನೂ ನಕ್ಕೆ ಅವ್ವಾ. ನಕ್ಕು, ಅವರ ಮುಂದ ಕುಂತು ಒಂದು ಉಂಡಿ ಪೂರಾ ತಿಂದೆ. ‘ಹಡದವರಿಗಷ್ಟ ನಡಾ ನೋಯ್ತೈತೇನ್ರಿ ಅತ್ತಿ? ಮುಂಜಾನಿಂದ ಸಂಜಿತನಕಾ ನಿಮ್ಮ ಹೊಲದಾಗ ಬಗ್ಗಿ ಕಳೆ ತೆಗೀತೇನಿ. ನನಗೂ ನಡಾ ಐತಿ, ನನಗೂ ನೋಯ್ತೈತಿ. ಅದು ನಮ್ಮವ್ವಗ ಗೊತ್ತೈತಿ, ಅದಕ್ಕ ಕಳಿಸ್ಯಾಳ’ ಅಂದೆ.”

“ಆಮ್ಯಾಲ?” ನಾನು ಕೇಳಿದೆ.

“ಆಮ್ಯಾಲೇನು ವೈನಿ? ಎಲ್ಲಾರೂ ಗಪ್ ಆದ್ರು. ಬಾಜೂ ಮನಿ ಮುದುಕಿ ‘ನನಗೂ ಒಂದು ಕೊಡವಾ, ನನ್ನ ನಡಾನೂ ಹೋಗೇತಿ’ ಅಂದ್ಲು. ಆಮ್ಯಾಲ ಒಬ್ರ ಹಿಂದ ಒಬ್ರು ಕೇಳಿದ್ರು.”

ಆಪಾ ಚಪ್ಪಾಳೆ ತಟ್ಟಿಬಿಟ್ಟರು. ನಾನು ಕುಣಿಯುವುದೊಂದು ಬಾಕಿ. ಅತ್ತೆ ಮಾತ್ರ ಅಲುಗಾಡದೆ ಫೋನನ್ನೇ ನೋಡುತ್ತ ಕೂತಿದ್ದರು. ಮತ್ತೆ ನಾದಿನಿಯ ದನಿ ಬಂತು, ಈಗ ಅದರಲ್ಲಿ ಆ ಗತ್ತು ಇರಲಿಲ್ಲ.

“ಅವ್ವಾ, ನೀ ಗೊತ್ತಿದ್ದ ಕಳಿಸಿದಿ, ಹೌದಲ್ಲ?”

ಆಪಾ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ.

“ಹೌದವಾ,” ಎಂದರು ಅತ್ತೆ. “ಗೊತ್ತಿದ್ದ ಕಳಿಸೇನಿ. ನೀ ದಿನಾ ಬಗ್ಗಿ ದುಡೀತಿ, ಅದು ನಂಗ ಗೊತ್ತಿಲ್ಲೇನ?”

ನಾದಿನಿ ಆಗ ಅತ್ತಳು. ಅಷ್ಟೂ ಹೊತ್ತು ತಡೆದದ್ದನ್ನೆಲ್ಲ ಅತ್ತಳು, ಅತ್ತೆ ಅಳದೆ ಕೇಳಿಸಿಕೊಂಡರು. ಅತ್ತು ಮುಗಿದ ಮೇಲೆ, ಮುಂದಿನ ಪಂಚಮಿಗೂ ಅವನ್ನೇ ಕಳಿಸು ಎಂದಳು.

“ಪಂಚಮಿತನಕಾ ಯಾಕ ಕಾಯ್ತಿ?” ಎಂದರು ಅತ್ತೆ.

ಮುಂದಿನ ತಿಂಗಳು, ಯಾವ ಹಬ್ಬವೂ ಇಲ್ಲದ ಒಂದು ದಿನ, ಅತ್ತೆ ಒಬ್ಬರೇ ಅಂಗಡಿಗೆ ನಡೆದುಹೋಗಿ ಅಂಟು, ಉತ್ತತ್ತಿ, ಕೊಬ್ಬರಿಯನ್ನು ಪೂರಾ ದರ ಕೊಟ್ಟು ತಂದರು.