ನೆಲದಿಂದ ಕಂಡ ಪೆಟ್ಟಿಗೆ

1957ರಲ್ಲಿ ನಾನು ಉಮರ್ಗಾದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ನಮ್ಮ ಭಾಗ ಹೈದರಾಬಾದ್ ರಾಜ್ಯ ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ ಅದು. ನಿಲಂಗಾದ ಹೆಣ್ಣುಮಕ್ಕಳ ಶಾಲೆಗೆ ಡ್ರಾಯಿಂಗ್ ಕಲಿಸುವವರು ಬೇಕೆಂದು ಉದಗೀರಿನಲ್ಲಿ ಪರೀಕ್ಷೆ ಇಟ್ಟರು. ನನ್ನ ತಂಗಿ ನೀಲಮ್ಮ ಅರ್ಜಿ ಹಾಕಿದಳು.

ನೀಲಮ್ಮ ವಿಧವೆ. ಆಕೆಯ ಸಣ್ಣ ಮಗಳನ್ನು ಅತ್ತೆಮನೆಯವರು ದಾಳಿಂಬದಲ್ಲಿ ಇಟ್ಟುಕೊಂಡಿದ್ದರು. “ನೌಕರಿ ಆದ ದಿನ ಬಂದು ಕೂಸಿನ್ನ ಕರ್ಕೊಂಡು ಹೋಗು” ಎಂದು ಮಾವ ಹೇಳಿದ್ದ. ಅದಕ್ಕಾಗಿಯೇ ಆಕೆ ಪೆನ್ಸಿಲ್ ಹಿಡಿದಳು.

ವಸ್ತುವನ್ನು ಕಣ್ಣಿಗೆ ಕಂಡ ಹಾಗೆ ಬರೆಯುವ ಪರ್ಸ್ಪೆಕ್ಟಿವ್ ಕಲಿಯುವವರು ಮೊದಲು ಪೆಟ್ಟಿಗೆ ಬರೆಯಬೇಕು. ಚಹಾಪುಡಿ ಬರುವ ಮರದ ಪೆಟ್ಟಿಗೆಯನ್ನು ಪಡಸಾಲೆಯಲ್ಲಿಟ್ಟು ಕಲಿಸಿದೆ. ಪೆಟ್ಟಿಗೆ ಕಣ್ಣಿಗಿಂತ ಕೆಳಗಿದ್ದರೆ ಮೇಲಿನ ಮುಚ್ಚಳ ಕಾಣುತ್ತದೆ, ಕಣ್ಣಿಗಿಂತ ಎತ್ತರವಿದ್ದರೆ ಕಾಣುವುದಿಲ್ಲ; ಕಣ್ಣಿನ ಆ ಮಟ್ಟಕ್ಕೆ ಐ ಲೆವೆಲ್ ಎನ್ನುತ್ತಾರೆ. ಮೊದಮೊದಲು ಆಕೆಯ ಪೆಟ್ಟಿಗೆಗಳು ಒಂದೊಂದು ಕಡೆ ವಾಲುತ್ತಿದ್ದವು. “ಇದರಾಗ ಏನಿಟ್ರೂ ಉರಳಿ ಬೀಳ್ತದ ನೋಡವಾ” ಎಂದು ಅವ್ವ ನಗುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ನೀಲಮ್ಮನ ಕೈ ನನ್ನ ಕೈಗಿಂತ ನೆಟ್ಟಗಾಗಿತ್ತು.

ಪರೀಕ್ಷೆಯ ದಿನ ನನ್ನನ್ನೂ ಉದಗೀರಿಗೆ ಸಹಾಯಕ್ಕೆ ಕರೆಸಿದ್ದರು; ಸ್ಟೂಲಿನ ಮೇಲೆ ಪೆಟ್ಟಿಗೆ ಇಡುವ ಕೆಲಸ ನನ್ನದು. ಗಂಡಸರು ಬೆಂಚಿನ ಮೇಲೆ ಕುಳಿತರು. ಇದ್ದೊಬ್ಬ ಹೆಣ್ಣುಮಗಳು ಗಂಡಸರ ಸಮ ಕೂಡುವುದು ಚಂದವಲ್ಲವೆಂದು ಪರೀಕ್ಷಕರು ನೀಲಮ್ಮನಿಗೆ ನೆಲದ ಮೇಲೆ ಜಮಖಾನ ಹಾಸಿಸಿದರು. ಅದನ್ನು ಅವರು ಮರ್ಯಾದೆ ಎಂದು ಕರೆದರು.

ಹಾಳೆ ನೋಡುತ್ತ ಪರೀಕ್ಷಕರು ಆಕೆಯ ಹತ್ತಿರ ನಿಂತರು.

“ನೀಲಮ್ಮಬಾಯಿ, ಝಾಕಣ ಎಲ್ಲದ? ಎಲ್ಲಾರೂ ಪೆಟಗಿಗಿ ಮುಚ್ಚಳ ಬರದಾರ, ನಿಂದಕ್ಕ ಇಲ್ಲ?”

“ಇಲ್ಲಿಂದ ಕಾಣವಲ್ದರೀ ಸಾಹೇಬ್ರ.”

“ನೆಲದ ಮ್ಯಾಲ ಕುಂತು ನೋಡ್ರಿ, ಆಕಿ ಬರದದ್ದೇ ಖರೆ ಅದ” ಎಂದೆ ನಾನು.

ಅವರು ತಮ್ಮ ಇಸ್ತ್ರಿ ಪ್ಯಾಂಟು ನೋಡಿಕೊಂಡರು. “ಮಾಸ್ತರ, ತಂಗಿ ಅಂತ ವಕೀಲಿ ಮಾಡಬ್ಯಾಡ್ರಿ. ನೀಲಮ್ಮಬಾಯಿ, ಮುಚ್ಚಳ ಹಾಕು, ಪಾಸ್ ಮಾಡ್ತೀನಿ.”

“ಬೆಂಚಿನ ಮ್ಯಾಲ ಕೂಡಸ್ರಿ. ಕಂಡ್ರ ಹಾಕ್ತೀನಿ.”

ಬೆಂಚುಗಳು ಕಿಸಕ್ಕನೆ ನಕ್ಕವು. ಅವರೆಲ್ಲ ಡ್ರಾಯಿಂಗ್ ಕಲಿತವರೇ, ಐ ಲೆವೆಲ್ ಎಂದರೇನೆಂದು ಗೊತ್ತಿದ್ದವರೇ. ಒಬ್ಬನೂ ಬಾಯಿ ಬಿಡಲಿಲ್ಲ. ಪರೀಕ್ಷಕರ ಮೂಢತನಕ್ಕಿಂತ ಆ ನಗು ನನಗೆ ಹೆಚ್ಚು ಹೇಸಿಗೆ. ನೀಲಮ್ಮ ಫೇಲಾದಳು. ನಕ್ಕವರಲ್ಲೇ ಒಬ್ಬ ನಿಲಂಗಾಕ್ಕೆ ಹೋದ. ಕೂಸು ದಾಳಿಂಬದಲ್ಲೇ ಬೆಳೆಯಿತು.

ಆಮೇಲೆ ನಿವೃತ್ತಿಯವರೆಗೂ ಮಕ್ಕಳು ಕುಳಿತ ಜಾಗದಲ್ಲಿ ಕುಳಿತು ನೋಡದೆ ಯಾರ ಚಿತ್ರವನ್ನೂ ನಾನು ತಿದ್ದಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಇಷ್ಟಕ್ಕೆ ತಂಗಿ ತೆತ್ತದ್ದು ಬಹಳ.

ಹೋದ ತಿಂಗಳು ನೀಲಮ್ಮ ತೀರಿಕೊಂಡಳು. ಮಣ್ಣಿಗೆ ಬಂದಿದ್ದ ಮಗಳು, ಈಗ ಆಕೆಗೂ ಮೊಮ್ಮಕ್ಕಳಿದ್ದಾರೆ, ನನ್ನನ್ನು ಬದಿಗೆ ಕರೆದು ಕೇಳಿದಳು: “ಮಾಮಾ, ಅವ್ವಗ ಒಂದು ಪೆಟಗಿ ಸೈತ ಬರೀಲಿಕ್ಕಿ ಬರ್ಲಿಲ್ಲ, ಅದಕ್ಕೇ ನನ್ನ ಕರ್ಕೊಂಡು ಹೋಗ್ಲಿಲ್ಲ ಅಂತ ನಮ್ಮಪ್ಪನ ಅವ್ವ, ಆಯಿ, ಹೇಳ್ತಿದ್ಲು. ಖರೇನಾ?”

ಇಷ್ಟು ವರ್ಷ ದಾಳಿಂಬದವರು ಆ ಮಗುವಿಗೆ ಇದನ್ನೇ ಉಣಿಸಿದ್ದರು.

“ಸುಳ್ಳವಾ” ಎಂದೆ. “ಆವತ್ತು ಆ ಖೋಲ್ಯಾಗ ಖರೆ ಬರದಾಕಿ ನಿಮ್ಮವ್ವ ಒಬ್ಬಾಕಿನೇ.”