ಜಯಕ್ಕ ಕುಡಿಯದ ಕಾಫಿ

ಇಪ್ಪತ್ತೈದು ವರ್ಷದ ಕೆಲಸದಲ್ಲಿ ಜಯಕ್ಕ ಹೋದ ಯಾವ ಮನೆಯಲ್ಲೂ ಒಂದು ಲೋಟ ನೀರು ಕುಡಿದವರಲ್ಲ. ಬಸವನಗುಡಿ, ಶಂಕರಪುರಂ ಕಡೆಯ ಮನೆಗಳಲ್ಲಿ ಕಾಫಿ ಬೇಡ ಎಂದರೆ ಜಗಳಕ್ಕೆ ಬಂದಂತೆ. ಅವರು ಹೋಗುತ್ತಿದ್ದುದೇ ಜಗಳಕ್ಕೆ. ಹೆಗಲ ಚೀಲದಿಂದ ತಮ್ಮ ಬಾಟಲಿ ತೆಗೆದು ಎರಡು ಗುಟುಕು ಕುಡಿದು, ಮುಚ್ಚಳ ತಿರುಗಿಸಿ, "ಈಗ ಹೇಳಿ, ಆ ಮಗು ಎಲ್ಲಿ?" ಎನ್ನುತ್ತಿದ್ದರು. "ಉಪ್ಪುಂಡ ಮನೆಗೆ ಎರಡು ಬಗೀಬಾರದು ಅಂತಾರಲ್ಲ ಕಣೇ, ಅದಕ್ಕೇ ನಾನು ಉಪ್ಪೂ ತಿನ್ನಲ್ಲ, ಸಕ್ಕರೇನೂ ತಿನ್ನಲ್ಲ," ಎಂಬುದು ಅವರ ವಾದ.

ಚಾಮರಾಜಪೇಟೆಯ ಹಳೆಯ ಮನೆಯೊಂದರ ಮುಂದಿನ ಎರಡು ಕೋಣೆಗಳಲ್ಲಿ, ಕೆಲಸಕ್ಕಿಟ್ಟುಕೊಂಡ ಮಕ್ಕಳನ್ನು ಬಿಡಿಸುವ ನಮ್ಮ ಸಂಸ್ಥೆ ಇತ್ತು. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ, ಮಕ್ಕಳನ್ನು ಕಾಪಾಡಿಬಿಡುತ್ತೇನೆ ಎಂಬ ಜಂಬದಲ್ಲಿ ನಾನು ಅಲ್ಲಿ ಸೇರಿದೆ. ಜಯಕ್ಕ ಓದಿದ್ದು ಎಸ್ಸೆಸ್ಸೆಲ್ಸಿ. ಅವರ ತಂದೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದವರು. "ಕಟ್ಟು ಬಿಚ್ಚಿ ನೋಡ್ಬೇಕಮ್ಮ. ಮೇಲೆಲ್ಲ ಹಸಿರಿರುತ್ತೆ, ಒಳಗೆ ಕೊಳೆತಿರುತ್ತೆ," ಎಂದು ಮೊದಲ ದಿನವೇ ಹೇಳಿದರು. ನಾನು ತಲೆಯಾಡಿಸಿದೆ. ಏನೂ ಅರ್ಥವಾಗಿರಲಿಲ್ಲ.

ಶಂಕರಪುರಂನ ಒಂದು ಮನೆಯಲ್ಲಿ ಹನ್ನೊಂದು ವರ್ಷದ ಹುಡುಗಿ ಪಾತ್ರೆ ತಿಕ್ಕುತ್ತಾಳೆಂದು ಪಕ್ಕದ ಮನೆಯವರು ತಿಳಿಸಿದರು. ಜಯಕ್ಕ ಅವತ್ತು ಕೋರ್ಟಿನಲ್ಲಿದ್ದರು. ನಾನೊಬ್ಬಳೇ ಹೋದೆ. ಮನೆಯೊಡತಿ ನಿವೃತ್ತ ಹೆಡ್‌ಮಿಸ್ಟ್ರೆಸ್. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದಾಕೆ ತನ್ನ ಅಡುಗೆಮನೆಯಲ್ಲಿದ್ದ ಮಗುವಿಗೆ ಒಂದಕ್ಷರ ಕಲಿಸಿರಲಿಲ್ಲ. "ನಮ್ಮನೆ ಮಗಳ ಥರಾನೇ ನೋಡ್ಕೊಂಡಿದೀವಿ. ಪುಟ್ಟೀ, ಕಾಫಿ ತಾ," ಎಂದರು. ಹುಡುಗಿ ಕಾಫಿ ತಂದು ಕೊಟ್ಟು ಗೋಡೆಗೊರಗಿ ನಿಂತಳು. ಸೋಪಿನ ನೀರಿಗೆ ಬೆರಳುಗಳು ಬಿರಿದಿದ್ದವು. ನಾನು ಅದನ್ನು ನೋಡಿದೆ, ನೋಡುತ್ತಲೇ ಕಾಫಿ ಕುಡಿದೆ. "ಚೆನ್ನಾಗಿದೆ ಪುಟ್ಟಿ," ಎಂದೂ ಹೇಳಿದೆ. ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮಗುವನ್ನು ಆ ಮನೆಯಿಂದ ಬಿಡಿಸಿ ಶಾಲೆಗೆ ಸೇರಿಸಬೇಕೆಂದು ವರದಿ ಬರೆದೆ. ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಸಮಿತಿಯ ಮುಂದೆ ಹೆಡ್‌ಮಿಸ್ಟ್ರೆಸ್ ರೇಷ್ಮೆ ಸೀರೆಯುಟ್ಟು, ಹುಡುಗಿಯನ್ನು ಕರೆದುಕೊಂಡು ಬಂದರು. "ಇವರೇ ಅವಳ ಕೈಲಿ ಕಾಫಿ ಇಸ್ಕೊಂಡು ಕುಡಿದು, ಚೆನ್ನಾಗಿದೆ ಅಂತ ಹೊಗಳಿದ್ರಲ್ಲ ಸಾರ್. ಕುಡಿಯೋವಾಗ ಇಲ್ಲದ ತಪ್ಪು ಆಮೇಲೆ ಎಲ್ಲಿಂದ ಬಂತು?" ಸದಸ್ಯರೊಬ್ಬರು ನಕ್ಕರು. ಆಗಿನ್ನೂ ಮನೆಗೆಲಸದ ಮಕ್ಕಳನ್ನು ಬಿಡಿಸುವ ಕಾನೂನೂ ಇರಲಿಲ್ಲ. ಮುಂದಿನ ತಿಂಗಳು ನೋಡೋಣ, ಅಲ್ಲಿಯವರೆಗೆ ಮಗು ಅಲ್ಲೇ ಇರಲಿ ಎಂದರು. ಬಾಗಿಲು ದಾಟುವಾಗ ಹುಡುಗಿ ತಿರುಗಿ ನನ್ನನ್ನು ನೋಡಿದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. "ಅತ್ತಿದ್ದು ಸಾಕು, ಏಳು. ಅವಳು ಅಲ್ಲಿ ಪಾತ್ರೆ ತಿಕ್ತಿದಾಳೆ, ನೀನಿಲ್ಲಿ ಮೂಗು ಒರೆಸ್ಕೊಂಡು ಕೂತಿದೀಯ," ಎಂದರು ಅಲ್ಲಿಗೆ ಬಂದ ಜಯಕ್ಕ. ಆ ಕಾಫಿಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮುಂದಿನ ತಿಂಗಳು ಹುಡುಗಿ ಸಮಿತಿಯ ಮುಂದೆ ಬಂದಾಗ ಎಡಗೈಗೆ ಬಟ್ಟೆ ಸುತ್ತಿತ್ತು. ಕುದಿಯುವ ಹಾಲು ಚೆಲ್ಲಿಕೊಂಡಿದ್ದಳಂತೆ. ಯಾರಿಗೋ ಕಾಫಿ ಮಾಡುವಾಗ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಜಯಕ್ಕ ಕೂಗಾಡಲಿಲ್ಲ. ನೀರು ಕುಡಿದು ಮುಚ್ಚಳ ತಿರುಗಿಸಿದರು. "ಮಗಳ ಥರ ಅಂದ್ರಲ್ಲ ಮೇಡಂ, ಮಗಳ ಹೆಸರೇನು?"

"ಪುಟ್ಟಿ."

"ಅದು ನೀವು ಕರೆಯೋದು. ಹೆತ್ತವರು ಇಟ್ಟಿದ್ದು?"

ಹೆಡ್‌ಮಿಸ್ಟ್ರೆಸ್ ಸೆರಗು ಸರಿಮಾಡಿಕೊಂಡರು. ಜೊತೆಗೆ ಬಂದಿದ್ದ ಗಂಡನ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ. ಎರಡು ವರ್ಷ ಆ ಮಗುವಿನ ಕೈ ಅಡುಗೆ ಉಂಡಿದ್ದರು.

"ಮೂವತ್ತು ವರ್ಷ ಹಾಜರಿ ಕೂಗಿದೀರಂತೆ," ಎಂದರು ಜಯಕ್ಕ. "ಮನೇಲಿರೋ ಒಂದು ಹೆಸರು ಗೊತ್ತಿಲ್ಲ."

ಆಗ ಮೂಲೆಯಿಂದ ಸಣ್ಣ ದನಿ ಬಂತು. "ನಾಗರತ್ನ."

ಹೋದ ತಿಂಗಳು ನಕ್ಕಿದ್ದ ಸದಸ್ಯರು ತಲೆ ತಗ್ಗಿಸಿಕೊಂಡರು. ಅವತ್ತೇ ನಾಗರತ್ನಳನ್ನು ಹಾಸ್ಟೆಲಿಗೆ ಕಳಿಸಿ ಶಾಲೆಗೆ ಸೇರಿಸಲು ಆದೇಶವಾಯಿತು. ಕೈಯ ಕಲೆ ಮಾತ್ರ ಹೋಗಲಿಲ್ಲ. ಅಂದಿನಿಂದ ನಾನೂ ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡೆ.

ಕೊನೆಯ ಸಲ ಜಯಕ್ಕನನ್ನು ನೋಡಿದ್ದು ಅವರ ಮನೆಯಲ್ಲೇ. ಕಾಯಿಲೆ ಅವರನ್ನು ಅರ್ಧ ಮಾಡಿತ್ತು. ಬೇಡವೆಂದರೂ ಗೋಡೆ ಹಿಡಿದು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ನಾನು ಅಭ್ಯಾಸಬಲದಿಂದ ಚೀಲಕ್ಕೆ ಕೈ ಹಾಕಿದೆ. "ನಮ್ಮನೇಲಿ ಕುಡಿಯೇ. ನಾನೇ ಮಾಡಿದ್ದು," ಎಂದರು. ಕುಡಿದೆ. ಸಕ್ಕರೆ ಹಾಕಲು ಮರೆತಿದ್ದರು, ನಾನು ಹೇಳಲಿಲ್ಲ.

ಅವರು ಹೋದ ಮೇಲೆ ಕಾನೂನು ಬಂತು. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಓದಿ, ಇನ್ನು ನಮಗೆ ಕೆಲಸ ಇರುವುದಿಲ್ಲ ಎಂದುಕೊಂಡೆ, ದಡ್ಡಿ. ಮೊನ್ನೆ ಗವಿಪುರಂನ ಒಂದು ಮನೆಗೆ ಹೋಗಿದ್ದೆ. ಗೇಟಿನ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರಿನ ಮುಂದೆಯೂ 'ಡಾ.' ಇತ್ತು. "ಮನೆ ಮಗಳ ಥರ," ಎಂದರು ಆಕೆ, ಅದೇ ಮಾತು. ಕಾಫಿಯೂ ಬಂತು. ನಾನು ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದು, ಕಾಫಿ ತಂದವಳನ್ನು, "ನಿನ್ನ ಹೆಸರೇನಮ್ಮ?" ಎಂದು ಕೇಳಿದೆ.

ಹೇಳಲೋ ಬೇಡವೋ ಎಂದು ಆ ಮಗು ಮನೆಯೊಡತಿಯ ಮುಖ ನೋಡಿತು.